ವಿಮಾನಕ್ಕೆ ಊರು ಯಾವುದು?

ತರೀಕೆರೆ ಬಸ್ ನಿಲ್ದಾಣದ ಎದುರು ನಿಂತ ಕಾರಿನ ಸಂಖ್ಯಾ ಫಲಕದಲ್ಲಿ ಕೆಎ–66 ಎಂದಿದ್ದರೆ ಅದು ಅದೇ ಊರಿನ ಸಾರಿಗೆ ಕಚೇರಿಯಲ್ಲಿ ನೋಂದಾಯಿತವಾದದ್ದೆಂದು ಶಾಲೆಗೆ ಹೋಗುವ ಹುಡುಗನೂ ಹೇಳುತ್ತಾನೆ. ಕೆಎ–18 ಇದ್ದರೆ ಚಿಕ್ಕಮಗಳೂರು, ಕೆಎ–14 ಇದ್ದರೆ ಶಿವಮೊಗ್ಗ. ಕಡೂರು ತಾಲ್ಲೂಕಿನ ಬೀರೂರು ಜಂಕ್ಷನ್ನಿನಲ್ಲಿ ನಿಲ್ಲುವ ರೈಲು ಎಂಜಿನ್ ಕೂಡ ತನ್ನ ಮನೆಯನ್ನು ಮುಚ್ಚಿಡುವುದಿಲ್ಲ. ಕೃಷ್ಣರಾಜಪುರವೋ ಹುಬ್ಬಳ್ಳಿಯೋ, ತಾನು ಸೇರಿದ ಶೆಡ್ಡಿನ ಹೆಸರನ್ನು ಮೈಮೇಲೆ ಬರೆಸಿಕೊಂಡೇ ಓಡಾಡುತ್ತದೆ. ಆದರೆ ಅಜ್ಜಂಪುರದ ಹೊಲಗಳ ಮೇಲೆ ಬಿಳಿಯ ಗೆರೆ ಎಳೆಯುತ್ತ ಸಾಗುವ ವಿಮಾನದ ಮೈಮೇಲೆ ಇರುವುದು ಐದೇ ಅಕ್ಷರ. ಅದರಲ್ಲಿ ಮೊದಲ ಎರಡು 'ವಿಟಿ' ಆಗಿದ್ದರೆ ಅದು ಭಾರತದ್ದು. ಅದಕ್ಕಿಂತ ಹೆಚ್ಚಿಗೆ ಏನನ್ನೂ, ಅಂದರೆ ಯಾವ ರಾಜ್ಯ, ಯಾವ ಊರು, ಯಾವ ನಿಲ್ದಾಣ ಎಂಬುದನ್ನು, ಆ ಅಕ್ಷರಗಳು ಹೇಳುವುದಿಲ್ಲ.

ಈ ಪ್ರಶ್ನೆ ಈ ಭಾಗದವರಿಗೆ ಇತ್ತೀಚೆಗೆ ಹತ್ತಿರವಾಗಿದೆ. ಶಿವಮೊಗ್ಗದ ಸೋಗಾನೆಯಲ್ಲಿ ಕುವೆಂಪು ಅವರ ಹೆಸರಿನ ವಿಮಾನ ನಿಲ್ದಾಣ ಉದ್ಘಾಟನೆಯಾದದ್ದು 2023ರ ಫೆಬ್ರುವರಿ 27ರಂದು. ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿದದ್ದು ಅದೇ ವರ್ಷ ಆಗಸ್ಟ್ 31ರಂದು. ಬೀರೂರಿನಿಂದ ತರೀಕೆರೆ, ಭದ್ರಾವತಿ ಮಾರ್ಗವಾಗಿ ಶಿವಮೊಗ್ಗಕ್ಕೆ ರೈಲು ಓಡತೊಡಗಿದ್ದು 1899ರಲ್ಲಿ. ಅದಾದ ಒಂದು ಶತಮಾನದ ಮೇಲೆ ಕಾಲು ಭಾಗ ಕಳೆದ ಬಳಿಕ ಅದೇ ದಾರಿಯ ಜನಕ್ಕೆ ಆಕಾಶದ ದಾರಿಯೂ ತೆರೆಯಿತು. ನಿಲ್ದಾಣ ಬಂದ ಮೇಲೆ 'ನಮ್ಮ ವಿಮಾನ' ಎಂಬ ಮಾತೂ ಬರುತ್ತದೆ, ಸಹಜ. ಬೆಂಗಳೂರಿನಿಂದ ಬಂದು, ಜನರನ್ನು ಇಳಿಸಿ ಹತ್ತಿಸಿಕೊಂಡು, ಗಂಟೆಯೊಳಗೆ ಹೊರಟುಹೋಗುವ ವಿಮಾನ ಶಿವಮೊಗ್ಗದ್ದಾಗುತ್ತದೆಯೇ? ಒಂದು ನಿಲ್ದಾಣಕ್ಕೆ ಸೇರಿದ ವಿಮಾನಗಳು ಯಾವುವು ಎಂದು ಖಚಿತಪಡಿಸಿಕೊಳ್ಳುವುದು ಹೇಗೆ? ಉತ್ತರಕ್ಕೆ ಸರ್ಕಾರದ ನೋಂದಣಿ ಪುಸ್ತಕವನ್ನು ಬಿಡಿಸಬೇಕು. ಬಿಡಿಸಿದರೆ ಸಾಲದು, ಅದರ ಯಾವ ಕಾಲಂ ಎಷ್ಟು ನಂಬಬೇಕೆಂಬುದೂ ಗೊತ್ತಿರಬೇಕು.

ವಿಮಾನಕ್ಕೆ ರಾಷ್ಟ್ರೀಯತೆ ಕೊಡುವ ಪದ್ಧತಿ ಮೊದಲ ಮಹಾಯುದ್ಧದ ಬೆನ್ನಿಗೆ ಬಂತು. 1919ರ ಪ್ಯಾರಿಸ್ ಒಪ್ಪಂದದಲ್ಲಿ ಪ್ರತಿ ವಿಮಾನವೂ ಒಂದು ದೇಶದಲ್ಲಿ ನೋಂದಣಿಯಾಗಿರಬೇಕು, ಆ ಗುರುತನ್ನು ಮೈಮೇಲೆ ಧರಿಸಿರಬೇಕು ಎಂದಾಯಿತು. ಆಗ ಬ್ರಿಟಿಷ್ ಸಾಮ್ರಾಜ್ಯಕ್ಕೆಲ್ಲ 'ಜಿ' ಅಕ್ಷರ. ಭಾರತದ ವಿಮಾನಗಳು 'ಜಿ–ಐ' ಎಂದು ಆರಂಭವಾಗುತ್ತಿದ್ದವು. 1927ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ರೇಡಿಯೊ ತಂತಿ ಸಮ್ಮೇಳನ ದೇಶಗಳಿಗೆ ಕರೆ ಸಂಕೇತಗಳನ್ನು ಹೊಸದಾಗಿ ಹಂಚಿತು. 'ವಿ' ಅಕ್ಷರದ ಗುಂಪು ಸಾಮ್ರಾಜ್ಯದ ಹಲವು ಭಾಗಗಳಿಗೆ ಹರಿದು ಹಂಚಿಹೋಯಿತು. ಆಸ್ಟ್ರೇಲಿಯಕ್ಕೆ 'ವಿಎಚ್', ಭಾರತಕ್ಕೆ 'ವಿಟಿ'ಯಿಂದ 'ವಿಡಬ್ಲ್ಯು'ವರೆಗಿನ ಪಾಲು. 1929ರ ಹೊತ್ತಿಗೆ ಭಾರತದ ವಿಮಾನಗಳು 'ವಿಟಿ' ಬರೆಸಿಕೊಂಡವು.

'ವಿಟಿ' ಎಂದರೆ 'ವೈಸರಾಯ್ಸ್ ಟೆರಿಟರಿ', ವೈಸರಾಯನ ಸೀಮೆ ಎಂಬ ವಿವರಣೆ ಸಾಕಷ್ಟು ಪ್ರಚಾರದಲ್ಲಿದೆ. ಸಂಸತ್ತಿನಲ್ಲಿ ಕೂಡ ಈ ಗುಲಾಮಿ ಗುರುತು ಏಕೆ ಎಂಬ ಪ್ರಶ್ನೆ ಎದ್ದಿತ್ತು. ಹಂಚಿಕೆಯ ಪಟ್ಟಿಯನ್ನು ನೋಡಿದರೆ ಈ ವಿವರಣೆಗೆ ಆಧಾರ ಸಿಗುವುದಿಲ್ಲ. 'ವಿ' ಎಂಬುದು ಸಾಮ್ರಾಜ್ಯದ ಪಾಲಿಗೆ ಬಂದ ಗುಂಪು; 'ಟಿ' ಅದರೊಳಗೆ ಸರದಿಯಲ್ಲಿ ಸಿಕ್ಕಿದ ಅಕ್ಷರ. ಆಸ್ಟ್ರೇಲಿಯದ 'ಎಚ್'ಗೆ ಯಾರೂ ಅರ್ಥ ಹುಡುಕುವುದಿಲ್ಲ. ಬದಲಾಯಿಸಲು ಭಾರತ ಯತ್ನಿಸಿದ್ದೂ ಉಂಟು. ಆದರೆ ಭಾರತಕ್ಕೆ ಒಪ್ಪುವ 'ಬಿ' ಚೀನಾದ ಬಳಿ, 'ಐ' ಇಟಲಿಯ ಬಳಿ. ಒಳ್ಳೆಯ ಅಕ್ಷರಗಳು ಮೊದಲೇ ಬಂದವರ ಪಾಲಾಗಿದ್ದವು.

'ವಿಟಿ' ಆದ ಬಳಿಕ ಉಳಿಯುವುದು ಮೂರು ಅಕ್ಷರ. ಇಪ್ಪತ್ತಾರನ್ನು ಮೂರು ಬಾರಿ ಗುಣಿಸಿದರೆ 17,576 ಜೋಡಣೆ. ಅಪಾಯದ ಕರೆಯೆಂದು ತಪ್ಪು ತಿಳಿಯಬಹುದಾದ 'ಎಸ್‌ಒಎಸ್', 'ಪಿಎಎನ್' ಮುಂತಾದವನ್ನು ಯಾರಿಗೂ ಕೊಡುವಂತಿಲ್ಲ. ಕಂಪೆನಿಗಳು ತಮಗೆ ಬೇಕಾದ ಅಕ್ಷರ ಕೇಳಿ ಪಡೆಯುವುದುಂಟು. ಇಂಡಿಗೊ ವಿಮಾನಗಳಲ್ಲಿ ಬಹುಪಾಲು 'ವಿಟಿ–ಐ' ಎಂದೇ ಆರಂಭವಾಗುತ್ತವೆ. ವಿಜಯ್ ಮಲ್ಯ ಅವರ ಐಷಾರಾಮಿ ಏರ್‌ಬಸ್ಸಿನ ಮೇಲೆ ಇದ್ದದ್ದು 'ವಿಟಿ–ವಿಜೆಎಂ'. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ 1993ರಲ್ಲಿ ಹಾರಿಸಿದ 'ಹಂಸ', 2004ರಲ್ಲಿ ಹಾರಿಸಿದ 'ಸರಸ್' ಮೂಲಮಾದರಿಗಳಿಗೆ 'ವಿಟಿ–ಎಕ್ಸ್' ಎಂದು ತೊಡಗುವ ಗುರುತು ಇತ್ತು. ಇವೆಲ್ಲ ಮಾಲೀಕನನ್ನೋ ಕೆಲಸವನ್ನೋ ಸೂಚಿಸಿಯಾವು. ಊರನ್ನಂತೂ ಅಲ್ಲ. ವಾಯುಪಡೆಯ ವಿಮಾನಗಳ ಮಾತೇ ಬೇರೆ. ಅವು ಈ ಪುಸ್ತಕದೊಳಗೆ ಬರುವುದೇ ಇಲ್ಲ. ಯಲಹಂಕದಿಂದ ಹಾರಿಬಂದ ತರಬೇತಿ ವಿಮಾನವನ್ನು 'ವಿಟಿ' ಪಟ್ಟಿಯಲ್ಲಿ ಹುಡುಕುವುದು ವ್ಯರ್ಥ.

ಊರು ಇರುವುದು ಪುಸ್ತಕದ ಒಳಗೆ. ಭಾರತದ ನೋಂದಣಿ ಪುಸ್ತಕವನ್ನು ಇಟ್ಟುಕೊಂಡಿರುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. 1937ರ ವಿಮಾನ ನಿಯಮಗಳು ಇದಕ್ಕೆ ಆಧಾರ. ಅವುಗಳ ಹಿಂದಿದ್ದ 1934ರ ಕಾಯ್ದೆಯ ಜಾಗಕ್ಕೆ 2025ರ ಜನವರಿ 1ರಿಂದ 'ಭಾರತೀಯ ವಾಯುಯಾನ ಅಧಿನಿಯಮ' ಬಂದಿದೆ. ನೋಂದಣಿ ಪ್ರಮಾಣಪತ್ರದಲ್ಲಿ ವಿಮಾನದ ಗುರುತು, ಮಾದರಿ, ತಯಾರಕರ ಕ್ರಮಸಂಖ್ಯೆ, ತಯಾರಾದ ವರ್ಷ, ಮಾಲೀಕನ ಹೆಸರು ವಿಳಾಸ, ಗುತ್ತಿಗೆಯ ವಿವರ ಇರುತ್ತವೆ. ಜೊತೆಗೆ ಒಂದು ಕಾಲಂ, ವಿಮಾನದ 'ಸಾಮಾನ್ಯ ತಂಗುದಾಣ'. ಇದೇ ಅದರ ಊರು.

ಈ ಕಾಲಂಗಳಲ್ಲಿ ಎಲ್ಲಕ್ಕಿಂತ ಗಟ್ಟಿ ಯಾವುದೆಂದರೆ ತಯಾರಕರ ಕ್ರಮಸಂಖ್ಯೆ. ವಾಹನಕ್ಕೆ ಚಾಸಿ ನಂಬರ್ ಇದ್ದ ಹಾಗೆ ಅದು. ಎರಡನೆಯ ಮಹಾಯುದ್ಧ ಮುಗಿದಾಗ ಭಾರತದಲ್ಲಿ ಉಳಿದುಬಿಟ್ಟ ಡಕೋಟಾಗಳನ್ನು ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ದುರಸ್ತಿ ಮಾಡಿ ನಾಗರಿಕ ಕಂಪೆನಿಗಳಿಗೆ ಒದಗಿಸಿತು. ಅಂಥ ಒಂದೊಂದು ಡಕೋಟಾಕ್ಕೂ ಅಮೆರಿಕದ ಸೇನೆಯ ಸಂಖ್ಯೆ, ಬ್ರಿಟಿಷ್ ವಾಯುಪಡೆಯ ಸಂಖ್ಯೆ, ಆಮೇಲೆ 'ವಿಟಿ' ಗುರುತು ಎಂದು ಎರಡು ಮೂರು ಹೆಸರುಗಳಿರಬಹುದಿತ್ತು. ಹೆಸರು ಬದಲಾದರೂ ಕ್ರಮಸಂಖ್ಯೆ ಬದಲಾಗದು. 1953ರ ಆಗಸ್ಟ್ 1ರಂದು ಖಾಸಗಿ ಕಂಪೆನಿಗಳೆಲ್ಲ ಇಂಡಿಯನ್ ಏರ್‌ಲೈನ್ಸಿನಲ್ಲಿ ಲೀನವಾದಾಗ ಬಾಲದ ಅಕ್ಷರ ಇದ್ದ ಹಾಗೇ ಇತ್ತು, ಮಾಲೀಕನ ಕಾಲಂ ಮಾತ್ರ ಬದಲಾಯಿತು. ಹಳೆಯ ವಿಮಾನದ ಚರಿತ್ರೆ ಬರೆಯುವವರು ಚಿತ್ರದ ಅಡಿಬರಹವನ್ನು ನಂಬದೆ ಈ ಸಂಖ್ಯೆಯ ಬೆನ್ನು ಹಿಡಿಯುವುದು ಇದಕ್ಕಾಗಿಯೇ.

ಇನ್ನು ಮಾಲೀಕನ ಕಾಲಂ. ಕಡೂರಿನ ತೆಂಗಿನ ತೋಟದ ರೈತನಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳದು. ಪಹಣಿಯ ಒಂಬತ್ತನೇ ಕಾಲಂನಲ್ಲಿ ಖಾತೆದಾರ, ಹನ್ನೆರಡನೇ ಕಾಲಂನಲ್ಲಿ ಸಾಗುವಳಿದಾರ. ಎರಡೂ ಕಡೆ ಒಂದೇ ಹೆಸರಿರಬೇಕೆಂದೇನೂ ಇಲ್ಲ. 1974ರ ಭೂಸುಧಾರಣೆ ತಿದ್ದುಪಡಿಯ ಬಳಿಕ ಗೇಣಿದಾರರು ಏಳನೇ ನಮೂನೆ ಅರ್ಜಿ ಹಿಡಿದು ನ್ಯಾಯಮಂಡಳಿಯ ಮುಂದೆ ನಿಂತಾಗ ಹನ್ನೆರಡನೇ ಕಾಲಂನ ಒಂದು ಸಾಲು ಎಷ್ಟು ಮನೆಗಳ ಹಣೆಬರಹವನ್ನು ಬದಲಿಸಿತೆಂಬುದು ಈ ತಾಲ್ಲೂಕುಗಳಿಗೆ ಚೆನ್ನಾಗಿ ಗೊತ್ತು. ವಿಮಾನದಲ್ಲೂ ಅಷ್ಟೇ. ರೆಕ್ಕೆಯ ಮೇಲೆ ಕಂಪೆನಿಯ ಬಣ್ಣ, ಬಾಲದ ಮೇಲೆ ಕಂಪೆನಿಯ ಲಾಂಛನ ಇದ್ದರೂ ಒಡೆತನ ಅನೇಕ ವೇಳೆ ಐರ್ಲೆಂಡಿನಂಥ ದೂರದ ದೇಶದ ಗುತ್ತಿಗೆ ಸಂಸ್ಥೆಯದು. ಹಾರಿಸುವವನು ಸಾಗುವಳಿದಾರ ಮಾತ್ರ.

ಕಂಪೆನಿ ನಡೆಯುತ್ತಿರುವಷ್ಟು ದಿನ ಈ ಭೇದ ಯಾರಿಗೂ ಕಾಣುವುದಿಲ್ಲ. ಮುಳುಗಿದಾಗ ಕಾಣುತ್ತದೆ. ಬೆಂಗಳೂರನ್ನು ಕೇಂದ್ರವಾಗಿಸಿಕೊಂಡಿದ್ದ ಕಿಂಗ್‌ಫಿಷರ್ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿತು. ವಿಮಾನಗಳನ್ನು ಗುತ್ತಿಗೆಗೆ ಕೊಟ್ಟವರು ತಮ್ಮ ಸೊತ್ತನ್ನು ಹೊರಗೆ ಒಯ್ಯಬೇಕಾದರೆ ಮೊದಲು ಭಾರತದ ನೋಂದಣಿಯಿಂದ ಅದರ ಹೆಸರು ತೆಗೆಸಬೇಕಿತ್ತು. ಒಂದು ವಿಮಾನ ಏಕಕಾಲಕ್ಕೆ ಎರಡು ದೇಶಗಳ ಪುಸ್ತಕದಲ್ಲಿ ಇರುವಂತಿಲ್ಲವೆಂದು 1944ರ ಶಿಕಾಗೊ ಒಪ್ಪಂದ ಹೇಳುತ್ತದೆ. ಹೆಸರು ಹೊಡೆಸಲು ನ್ಯಾಯಾಲಯದ ಬಾಗಿಲು ತಟ್ಟಬೇಕಾಯಿತು. ಅದೇ ಕಥೆ ಗೋ ಫಸ್ಟ್ ಕಂಪೆನಿ 2023ರ ಮೇನಲ್ಲಿ ದಿವಾಳಿ ಅರ್ಜಿ ಹಾಕಿದಾಗ ದೊಡ್ಡದಾಗಿ ಮರುಕಳಿಸಿತು. ಸುಮಾರು ಒಂದು ವರ್ಷ ವಿಮಾನಗಳು ಹಲವು ನಿಲ್ದಾಣಗಳಲ್ಲಿ ಕೂತಲ್ಲೇ ಕೂತಿದ್ದವು. 2024ರ ಏಪ್ರಿಲ್ 26ರಂದು ದೆಹಲಿ ಹೈಕೋರ್ಟ್ 54 ವಿಮಾನಗಳ ಹೆಸರನ್ನು ಐದು ಕೆಲಸದ ದಿನಗಳೊಳಗೆ ಪುಸ್ತಕದಿಂದ ತೆಗೆಯುವಂತೆ ಆದೇಶಿಸಿತು. ವಿಮಾನ ಇದ್ದಲ್ಲೇ ಇತ್ತು. ಹೋರಾಟವೆಲ್ಲ ಪುಸ್ತಕದ ಒಂದು ಸಾಲಿಗಾಗಿ.

ಇಷ್ಟಾದ ಮೇಲೆ ತಂಗುದಾಣದ ಕಾಲಂ. ಎಲ್ಲಕ್ಕಿಂತ ಕುತೂಹಲದ್ದು ಅದೇ, ಎಲ್ಲಕ್ಕಿಂತ ಸಡಿಲವಾದದ್ದೂ ಅದೇ. ಕ್ರಮಸಂಖ್ಯೆ ಲೋಹದ ಮೇಲೆ ಕೆತ್ತಿದ್ದು, ಒಡೆತನಕ್ಕೆ ಕರಾರುಪತ್ರ ಇದೆ. ತಂಗುದಾಣವಾದರೋ ನೋಂದಣಿಯ ಹೊತ್ತಿಗೆ ಮಾಲೀಕ ಹೇಳಿದ ಊರು. ಆಮೇಲೆ ವಿಮಾನ ಎಲ್ಲೆಲ್ಲಿ ರಾತ್ರಿ ಕಳೆಯುತ್ತದೆ ಎಂಬುದನ್ನು ಆ ಕಾಲಂ ಹಿಂಬಾಲಿಸುವುದಿಲ್ಲ.

ಅಜ್ಜಂಪುರದವರಿಗೆ ಇಂಥ ಲೆಕ್ಕ ಹೊಸದಲ್ಲ. ಮೈಸೂರು ಅರಸರ ಅಮೃತಮಹಲ್ ದನಗಳ ತಳಿ ಕೇಂದ್ರ ಇರುವುದು ಅಲ್ಲಿಯೇ. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಯೇ ಟಿಪ್ಪುವಿನ ಕಾಲಕ್ಕೆ 'ಅಮೃತಮಹಲ್' ಆಯಿತು. ಈ ದನಗಳಿಗೆಂದು ಬಿಟ್ಟ ಕಾವಲುಗಳನ್ನು ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿದ್ದರು. ಹಿಂಡು ಹುಲ್ಲು ನೀರನ್ನು ನೋಡಿಕೊಂಡು ಒಂದರಿಂದ ಇನ್ನೊಂದಕ್ಕೆ ನಡೆಯುತ್ತಿತ್ತು. ಲೆಕ್ಕದಲ್ಲಿ ಇಂಥ ಹಿಂಡು ಎಂದಿರುವುದಕ್ಕೂ ಇವತ್ತು ಆ ಹಿಂಡು ಯಾವ ಬಯಲಿನಲ್ಲಿ ಮೇಯುತ್ತಿದೆ ಎಂಬುದಕ್ಕೂ ನಡುವೆ ಒಂದು ಋತುವಿನ ಅಂತರ. ವಿಮಾನದ ತಂಗುದಾಣವನ್ನೂ ಹೀಗೇ ಓದಬೇಕು.

ಒಂದು ಹಳೆಯ ಉದಾಹರಣೆ ಬಳ್ಳಾರಿಯದು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಂಚೆ ಚೀಲ ಹೊತ್ತು 'ಪುಸ್ ಮಾತ್' ಎಂಬ ಒಂದೇ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಅಹಮದಾಬಾದ್ ಮೂಲಕ ಮುಂಬಯಿಯ ಜುಹೂಗೆ ಬಂದರು. ಆ ವಿಮಾನದ ಗುರುತು 'ವಿಟಿ–ಎಡಿಎನ್'. ಜುಹೂವಿನಿಂದ ಅಂಚೆಯನ್ನು ನೆವಿಲ್ ವಿನ್ಸೆಂಟ್ ಮುಂದಕ್ಕೆ ಒಯ್ದರು. ರಾತ್ರಿ ತಂಗಿದ್ದು ಬಳ್ಳಾರಿಯಲ್ಲಿ, ಮರುದಿನ ಮದರಾಸು. ಭಾರತದ ವಿಮಾನಯಾನ ಚರಿತ್ರೆಯ ಮೊದಲ ಪುಟದಲ್ಲೇ ಕನ್ನಡ ನಾಡಿನ ಊರೊಂದರ ಹೆಸರು ಬಂದದ್ದು ಹೆಮ್ಮೆಯ ವಿಷಯ ಹೌದು. ಆದರೆ ಒಂದು ರಾತ್ರಿ ನಿಂತ ಮಾತ್ರಕ್ಕೆ ವಿಮಾನ ಬಳ್ಳಾರಿಯದಾಗಲಿಲ್ಲ. ಚುನಾವಣೆಯ ದಿನಗಳಲ್ಲಿ ಕಡೂರು, ತರೀಕೆರೆಗಳ ಮೈದಾನಕ್ಕೆ ಧೂಳೆಬ್ಬಿಸಿ ಇಳಿಯುವ ಹೆಲಿಕಾಪ್ಟರುಗಳ ಕಥೆಯೂ ಇದೇ. ಸುತ್ತ ನೆರೆದ ಸಾವಿರಾರು ಜನ ಕೈ ಬೀಸುತ್ತಾರೆ. ಬಾಲದ ಮೇಲಿನ ಅಕ್ಷರ ಓದುವವರು ವಿರಳ.

ಇದಕ್ಕೆ ವಿರುದ್ಧವಾದ ಪ್ರಸಂಗ ಬೆಂಗಳೂರಿನಲ್ಲಿ ನಡೆಯಿತು. 2008ರ ಮೇ 24ರಂದು ಪ್ರಯಾಣಿಕ ವಿಮಾನಗಳೆಲ್ಲ ಎಚ್‌ಎಎಲ್ ನಿಲ್ದಾಣವನ್ನು ಬಿಟ್ಟು ದೇವನಹಳ್ಳಿಯ ಹೊಸ ನಿಲ್ದಾಣಕ್ಕೆ ಹೋದವು. ಊರಿನ ಮನೆಯನ್ನೇ ಖಾಲಿ ಮಾಡಿ ಹೊರಟಂಥ ಸ್ಥಳಾಂತರ. ಬಾಲದ ಮೇಲಿನ ಒಂದು ಅಕ್ಷರವೂ ಬದಲಾಗಲಿಲ್ಲ. 'ಬೆಂಗಳೂರು' ಎಂದು ತಂಗುದಾಣ ಬರೆಸಿದ್ದವರಿಗೆ ಅದನ್ನೂ ಬದಲಿಸುವ ಪ್ರಮೇಯ ಬರಲಿಲ್ಲ, ಊರು ಅದೇ ತಾನೆ! ಒಂದು ಊರಿನಲ್ಲಿ ಎಚ್‌ಎಎಲ್, ಜಕ್ಕೂರು, ದೇವನಹಳ್ಳಿ ಎಂದು ಹಲವು ನಿಲ್ದಾಣಗಳಿರುವಾಗ ಊರಿನ ಹೆಸರು ಮಾತ್ರ ನೋಡಿ ನಿಲ್ದಾಣ ಹೇಳಲಾಗದು. ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಂಥ ಕಡೆ ಮಾತ್ರ ಈ ಕಾಲಂ ನಿಜಕ್ಕೆ ತೀರ ಹತ್ತಿರ ಬರುತ್ತದೆ. ಬೆಳಗ್ಗೆ ಎದ್ದು ಸುತ್ತು ಹೊಡೆದು ಅದೇ ಹ್ಯಾಂಗರಿಗೆ ಮರಳುವ ತರಬೇತಿ ವಿಮಾನಕ್ಕೆ ಬೇರೆ ಊರಿಲ್ಲ.

ಹಾಗಾದರೆ ಖಚಿತಪಡಿಸಿಕೊಳ್ಳುವ ದಾರಿ? ನೋಂದಣಿ ಪುಸ್ತಕದಿಂದ ವಿಮಾನ ಯಾವುದು, ಯಾರದು ಎಂದು ಹಿಡಿಯಬೇಕು. ಎಲ್ಲಿದೆ ಎಂಬುದಕ್ಕೆ ಬೇರೆ ಪುಸ್ತಕ ನೋಡಬೇಕು. ವಿಮಾನದಲ್ಲೇ ಇರುವ ಪ್ರಯಾಣ ದಿನಚರಿ, ನಿಲ್ದಾಣದ ಬಂದುಹೋದ ಲೆಕ್ಕ, ನಿಲುಗಡೆ ಬಾಡಿಗೆಯ ಬಿಲ್ಲು, ಇವು ದಿನದಿನಕ್ಕೆ ಬರೆಯುವ ದಾಖಲೆಗಳು. ಈಗ ಮೊಬೈಲ್ ಫೋನಿನಲ್ಲೇ ತಲೆಯ ಮೇಲಿನ ವಿಮಾನದ ಗುರುತು ಕಾಣಿಸುವ ವ್ಯವಸ್ಥೆಯೂ ಬಂದಿದೆ. ವಿಮಾನ ರೇಡಿಯೊ ಮೂಲಕ ಸಾರುವ ಸಂಕೇತವನ್ನು ಅದು ಓದುತ್ತದೆ. ಆ ಸಂಕೇತವನ್ನೂ ಹಂಚುವುದು ನೋಂದಣಿಯ ದೇಶವೇ. ಭಾರತದ ಸಂಕೇತಗಳು 8ರಿಂದ ಆರಂಭವಾಗುತ್ತವೆ. ತಿಂಗಳುಗಟ್ಟಲೆ ಒಂದೇ ಗುರುತು ಒಂದೇ ನಿಲ್ದಾಣದಲ್ಲಿ ರಾತ್ರಿ ತಂಗಿ ಬೆಳಗ್ಗೆ ಹೊರಟರೆ ಆಗ ಅದನ್ನು ಆ ನಿಲ್ದಾಣದ್ದೆನ್ನಬಹುದು. ಸೋಗಾನೆಗೆ ಬಂದುಹೋಗುವ ವಿಮಾನವನ್ನೂ ಈ ಒರೆಗೆ ಹಚ್ಚಬೇಕು.

ಇದೆಲ್ಲ ಹವ್ಯಾಸಿಗಳ ಕಾಲಹರಣವೆಂದು ತೋರಬಹುದು. ಹಾಗಲ್ಲ. 1990ರ ಫೆಬ್ರುವರಿ 14ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ಸಮೀಪ ಗಾಲ್ಫ್ ಮೈದಾನದಲ್ಲಿ ಬಿದ್ದ ಇಂಡಿಯನ್ ಏರ್‌ಲೈನ್ಸಿನ ಏರ್‌ಬಸ್ 'ವಿಟಿ–ಇಪಿಎನ್'. ಅದರಲ್ಲಿದ್ದ 146 ಮಂದಿಯಲ್ಲಿ 92 ಮಂದಿ ತೀರಿಕೊಂಡರು. 2010ರ ಮೇ 22ರಂದು ಮಂಗಳೂರಿನ ಬಜ್ಪೆಯಲ್ಲಿ ಓಡುಹಾದಿ ಮೀರಿ ಕಣಿವೆಗೆ ಉರುಳಿದ ಬೋಯಿಂಗ್ 'ವಿಟಿ–ಎಎಕ್ಸ್‌ವಿ'. ಸತ್ತವರು 158, ಬದುಕಿದವರು ಎಂಟೇ ಜನ. ಜನ ಈ ದುರಂತಗಳನ್ನು ಊರಿನ ಹೆಸರಿನಿಂದ ನೆನೆಯುತ್ತಾರೆ. ತನಿಖೆಯ ಕಡತಗಳು ಈ ಅಕ್ಷರಗಳಿಂದ ಗುರುತಿಸುತ್ತವೆ. ಯಾವ ವಿಮಾನ, ಯಾರು ತಯಾರಿಸಿದ್ದು, ಎಷ್ಟು ಗಂಟೆ ಹಾರಿದ್ದು, ಯಾರ ಹೊಣೆ ಎಂಬ ಎಲ್ಲ ಪ್ರಶ್ನೆಗಳೂ ಅಲ್ಲಿಂದಲೇ ಹೊರಡುತ್ತವೆ. ಬೆಂಕಿಗೆ ಬಣ್ಣ ಉಳಿಯದು. ಆ ಕಾರಣಕ್ಕೇ ಬೆಂಕಿಗೆ ಕರಗದ ಲೋಹದ ತಗಡಿನ ಮೇಲೆ ಗುರುತು ಕೆತ್ತಿ ಮುಖ್ಯ ಬಾಗಿಲ ಬಳಿ ಜಡಿದಿರಬೇಕೆಂದು ಅಂತರರಾಷ್ಟ್ರೀಯ ನಿಯಮವಿದೆ.

ದಾಖಲೆ ಮತ್ತು ವಾಸ್ತವ ಬೇರೆಬೇರೆ ದಾರಿ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ 2025ರಲ್ಲಿ ಬೆಳಕಿಗೆ ಬಂದ ಒಂದು ಪ್ರಸಂಗ ಇದೆ. ವಿನೋದದಂತಿದ್ದರೂ ವಿನೋದವಲ್ಲ. ಕೋಲ್ಕತ್ತ ವಿಮಾನ ನಿಲ್ದಾಣದ ಒಂದು ಮೂಲೆಯಲ್ಲಿ ಹಳೆಯ ಬೋಯಿಂಗ್ 737 ವಿಮಾನವೊಂದು ಸುಮಾರು 13 ವರ್ಷ ನಿಂತಿತ್ತು. ಗುರುತು 'ವಿಟಿ–ಇಎಚ್ಎಚ್'. 1982ರಲ್ಲಿ ಇಂಡಿಯನ್ ಏರ್‌ಲೈನ್ಸಿಗೆ ಬಂದ ಇದು ನಡುವೆ ಅಲಯನ್ಸ್ ಏರ್ ಕೈಗೆ ಹೋಗಿ, ಮರಳಿ ಬಂದು ಸರಕು ವಿಮಾನವಾಗಿ, ಅಂಚೆ ಇಲಾಖೆಯ ಬಣ್ಣ ಹೊತ್ತು, 2012ರಲ್ಲಿ ಹಾರಾಟ ನಿಲ್ಲಿಸಿತ್ತು. ಇಷ್ಟರಲ್ಲಿ ಇಂಡಿಯನ್ ಏರ್‌ಲೈನ್ಸ್ ಏರ್ ಇಂಡಿಯಾದೊಳಗೆ ಸೇರಿಹೋಯಿತು. 2022ರ ಜನವರಿಯಲ್ಲಿ ಏರ್ ಇಂಡಿಯಾ ಟಾಟಾ ಸಮೂಹಕ್ಕೆ ಮರಳಿತು. ಈ ಕೈ ಬದಲಾವಣೆಗಳ ನಡುವೆ ಕಂಪೆನಿಯ ಆಸ್ತಿಪಟ್ಟಿಯಿಂದ ವಿಮಾನ ಜಾರಿಬಿಟ್ಟಿತು. ಪುಸ್ ಮಾತ್‌ನಿಂದ ಆರಂಭವಾದ ಕಂಪೆನಿ ತನ್ನದೇ ಒಂದು ಬೋಯಿಂಗನ್ನು ಮರೆತಿತ್ತು.

ಮರೆಯದೆ ಇದ್ದದ್ದು ನಿಲ್ದಾಣದ ಬಾಡಿಗೆ ಲೆಕ್ಕ. ನಿಮ್ಮ ವಿಮಾನ ತೆಗೆದುಕೊಂಡು ಹೋಗಿ ಎಂದು ನಿಲ್ದಾಣದವರು ಕೇಳಿದಾಗಲೇ ಅದು ತನ್ನದೆಂದು ಕಂಪೆನಿಗೆ ತಿಳಿದದ್ದು. ಪರಿಶೀಲಿಸಿದರೆ ನಿಜ. ನಿಲುಗಡೆ ಬಾಡಿಗೆಯೇ ಸುಮಾರು ಒಂದು ಕೋಟಿ ರೂಪಾಯಿ ಆಗಿತ್ತೆಂದು ವರದಿಗಳು ಬಂದವು. ವಿಮಾನವನ್ನು ಮಾರಲಾಯಿತು. ನಿರ್ವಹಣಾ ಎಂಜಿನಿಯರುಗಳ ತರಬೇತಿಗೆ ಬಳಸಲೆಂದು 2025ರ ನವೆಂಬರ್‌ನಲ್ಲಿ ಅದನ್ನು ಕೋಲ್ಕತ್ತದಿಂದ ಹೊರಡಿಸಿದರು. ಹೊರಟದ್ದು ಬೆಂಗಳೂರಿಗೆ, ಆಕಾಶದಲ್ಲಲ್ಲ, ಟ್ರೈಲರ್ ಮೇಲೆ, ಹೆದ್ದಾರಿಯಲ್ಲಿ. ಹೊತ್ತ ವಾಹನಕ್ಕೆ ತನ್ನ ಊರು ಹೇಳುವ ಸಂಖ್ಯಾ ಫಲಕವಿತ್ತು.